ಹತ್ತು ನಿಮಿಷ ಮುಂದಿನ ಗಡಿಯಾರ

ಲೋಕನಾಥರು ಕೈಗಡಿಯಾರ ಬಿಚ್ಚಿದರು. ಮೊಬೈಲಿನ ಜೊತೆಗೆ ಅದನ್ನೂ ಮಗ ಸಮಿತನ ಕೈಗೆ ತುರುಕಿ, ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಬಟ್ಟೆ ಒಣಗಿಸುವ ಬಾಲ್ಕನಿಗೆ ಇಳಿದರು. ಐರೋಲಿಯಲ್ಲಿದ್ದ ತಮ್ಮನ ಫ್ಲಾಟಿನ ಬಚ್ಚಲು ಜೀವ ಇದ್ದವರಿಗೇ ಇಕ್ಕಟ್ಟು. ಹಾಗಾಗಿ ಲೀಲಾಧರನನ್ನು ಬಾಲ್ಕನಿಯಲ್ಲಿ ಬೆಂಚಿನ ಮೇಲೆ ಮಲಗಿಸಿದ್ದರು. ಹಿಂದಿನ ದಿನ ಸಂಜೆ ಚಹಾ ಕುಡಿಯುತ್ತಾ ಕುಳಿತವನು ಲೋಟ ಕೆಳಗಿಡುವ ಮೊದಲೇ ಹೋಗಿಬಿಟ್ಟಿದ್ದ. ತಮ್ಮನನ್ನು ತಾನೇ ಮೀಯಿಸಬೇಕು, ಬೇರೆ ಯಾರೂ ಕೈ ಹಾಕಬಾರದು ಎಂದು ಎಪ್ಪತ್ತು ದಾಟಿದ ಅಣ್ಣ ಹಠ ಹಿಡಿದಿದ್ದರು.

"ನೀನು ಹೋಗಿ ಗಾಡಿ ತಾ," ಎಂದು ಸಮಿತನಿಗೆ ಹೇಳಿದರು. "ಇವತ್ತು ಶುಕ್ರವಾರ. ರಾಹುಕಾಲ ಕಳೆಯುವುದು ಹನ್ನೆರಡಕ್ಕೆ. ಅಷ್ಟರೊಳಗೆ ಗಾಡಿ ಕೆಳಗೆ ಇರಬೇಕು. ಇಲ್ಲಿಂದ ನೇರ ನೌಪಾಡಾ."

ಸಮಿತ್ ಅಪ್ಪನ ಗಡಿಯಾರ, ಅಪ್ಪನ ಮೊಬೈಲು ಎರಡನ್ನೂ ಕಿಸೆಗೆ ಹಾಕಿಕೊಂಡು ಹೊರಟುಹೋದ.

ಒಳಗೆ ಗೋಡೆಗೆ ಒರಗಿ ಕುಳಿತಿದ್ದ ಲೀಲಾಧರನ ಹೆಂಡತಿ ಜಲಜಾಕ್ಷಿಯ ಕಿವಿಗೆ ಬಿದ್ದದ್ದು ನೌಪಾಡಾ ಎಂಬ ಒಂದೇ ಮಾತು. ಅವಳು ರಾತ್ರಿಯಿಡೀ ಅತ್ತಿದ್ದಳು. ಈಗ ಸಿಟ್ಟು ಬಂತು. ಬಂದದ್ದು ಒಳ್ಳೆಯದೇ ಆಯಿತು, ಸಿಟ್ಟಿಗೆ ಬೆನ್ನಾದರೂ ನೆಟ್ಟಗಾಗುತ್ತದೆ. ನೌಪಾಡಾದಲ್ಲಿ ಕೆಳಗೆ ಹೋಟೆಲು, ಮೇಲೆ ಲೋಕನಾಥರ ಮನೆ. ಅದೇ ದೊಡ್ಡ ಮನೆ. ಹೆಣವನ್ನು ಅಲ್ಲಿಯ ಹಾಲ್‌ನಲ್ಲಿ ಒಂದು ತಾಸು ಇಟ್ಟು, ಜಾತಿ ಬಾಂಧವರೆಲ್ಲ ಬಂದು ಹಾರ ಹಾಕಿ, ಹೋಟೆಲ್ ಮನೆತನದ ಒಬ್ಬ ಸಜ್ಜನ ಹೋದ ಎಂದು ಯಾರಾದರೂ ನಾಲ್ಕು ಮಾತಾಡಿ, ಅಲ್ಲಿಂದಲೇ ಠಾಣೆಯ ಸ್ಮಶಾನಕ್ಕೆ ಒಯ್ಯುವುದು ಎಂದು ಬೆಳಗಾಗುವುದರೊಳಗೆ ತೀರ್ಮಾನವಾಗಿತ್ತು. ತೀರ್ಮಾನ ಮಾಡಿದವರು ಒಬ್ಬರೇ. ಲೀಲಾಧರ ಆ ಮನೆಯ ಹೊಸ್ತಿಲು ತುಳಿಯದೆ ಹನ್ನೆರಡು ವರ್ಷ ಕಳೆದಿದೆ ಎನ್ನುವುದು ಅವರಿಗೂ ಗೊತ್ತಿತ್ತು. ಯಾಕೆ ಎನ್ನುವುದಂತೂ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಬಾಲ್ಕನಿಯಲ್ಲಿ ನೀರು ಸುರಿಯುವ ಸದ್ದು. ಲೋಕನಾಥರು ಚೊಂಬಿನಿಂದ ನಿಧಾನಕ್ಕೆ ಹೊಯ್ಯುತ್ತಿದ್ದರು. ಹಗ್ಗ ಎಳೆದೆಳೆದು ಕಲ್ಲಾದ ಅಂಗೈಯನ್ನು ಬಿಡಿಸಿ ತೊಳೆದರು. ಕಾಲಿನ ಹತ್ತಿರ ಬಂದಾಗ ಅವರ ಕೈ ನಿಂತಿತು. ಉಪ್ಪುನೀರಿಗೆ ಒಡೆದ ಹಿಮ್ಮಡಿ, ಚಪ್ಪಲಿಯ ಪಟ್ಟಿ ಇದ್ದಲ್ಲಿ ಮಾತ್ರ ಬೆಳ್ಳಗೆ ಉಳಿದ ಗೆರೆ. ಬೇಲಿಯಾಚೆ ಸಮುದ್ರದಿಂದ ಒಳಬಂದ ಖಾಡಿಯ ನೀರು ಇಳಿಯುತ್ತಿತ್ತು. ಅವರು ಆ ಕಡೆ ನೋಡದೆ ಕಾಲು ತೊಳೆದರು.

*

ಆ ಅಣ್ಣತಮ್ಮಂದಿರ ಅಜ್ಜ ಸಮುದ್ರಕ್ಕೆ ಬಲೆ ಹಾಕಲು ಹೋದವನು ತಿರುಗಿ ಬರಲಿಲ್ಲ. ಹೆಣವೂ ಸಿಗಲಿಲ್ಲ. ಅಪ್ಪ ಧರ್ಮಪಾಲ ಮೀಸೆ ಮೂಡುವ ಮೊದಲೇ ಊರು ಬಿಟ್ಟು ಬಂದು, ಠಾಣೆ ಪಕ್ಕದ ಕಲ್ವಾದಲ್ಲಿ ಒಂದು ಹೋಟೆಲಿನ ಲೋಟ ತೊಳೆದು, ಆಮೇಲೆ ನೌಪಾಡಾದಲ್ಲಿ ಸ್ವಂತ ಹೋಟೆಲು ಇಟ್ಟರು. ನನ್ನ ಮಕ್ಕಳ ಕಾಲು ಉಪ್ಪುನೀರಿಗೆ ಬೀಳಬಾರದು ಎನ್ನುತ್ತಿದ್ದರು. ಇದನ್ನು ಅವರು ಎಷ್ಟು ಸಲ ಹೇಳಿದ್ದರೆಂದರೆ, ಅವರು ಸತ್ತ ಮೇಲೆ ಅದೇ ಮನೆಯ ಕಾನೂನಾಯಿತು.

ಕಾನೂನು ಮುರಿದವನು ಲೀಲಾಧರ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಮೂಲವ್ಯಾಧಿ ಬರಿಸಿಕೊಳ್ಳಲಾರೆ ಎಂದು ಹೋಟೆಲು ಬಿಟ್ಟು, ಮುಂಬಯಿ ಫೋರ್ಟಿನ ಒಂದು ಹಡಗು ಏಜೆಂಟರ ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ. ಅಲ್ಲಿಯ ಸಾಹೇಬರಿಗೆ ಹಾಯಿದೋಣಿಯ ಹುಚ್ಚು. ಗಾಳಿ ಜೋರಾದಾಗ ದೋಣಿ ವಾಲದ ಹಾಗೆ ಒಂದು ಬದಿಗೆ ಕುಳಿತುಕೊಳ್ಳಲು ಅವರಿಗೊಂದು ಭಾರ ಬೇಕಿತ್ತು. ಆಫೀಸಿನಲ್ಲಿ ಎಲ್ಲರಿಗಿಂತ ದಪ್ಪಗಿದ್ದವನು ಲೀಲಾಧರ. ಒಂದು ಭಾನುವಾರ ಭಾರವಾಗಿ ಹೋದವನು ಸಂಜೆ ಹಗುರಾಗಿ ಬಂದ ಎಂದು ಜಲಜಾಕ್ಷಿ ಹೇಳುವುದಿತ್ತು. ಮುಂದಿನ ಭಾನುವಾರ ಹೋದ. ಅದರ ಮುಂದಿನದೂ ಹೋದ. ಹಗ್ಗ ಹಿಡಿಯಲು ಕಲಿತ, ಹಾಯಿ ಕಟ್ಟಲು ಕಲಿತ. ಮನೆಯಲ್ಲಿ ಮಾತ್ರ ಓವರ್‌ಟೈಮ್ ಎಂದು ಸುಳ್ಳು ಹೇಳಿದ.

ಎರಡು ಸಾವಿರದ ಎರಡನೇ ಇಸವಿಯಲ್ಲಿ ನೌಪಾಡಾದ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಲೀಲಾಧರ ನೇರ ದೋಣಿಯಿಂದಲೇ ಬಂದ. ಪ್ಯಾಂಟು ಮೊಣಕಾಲವರೆಗೆ ಒದ್ದೆ, ಮೈಗೆಲ್ಲ ಉಪ್ಪಿನ ವಾಸನೆ. ಎಲ್ಲಿಂದ ಬಂದೆ ಎಂದು ಅಣ್ಣ ಕೇಳಿದರೆ ಈ ಸಲ ಸುಳ್ಳು ಹೇಳಲಿಲ್ಲ. ಲೋಕನಾಥರು ಬಾಗಿಲಿಗೆ ಅಡ್ಡ ನಿಂತರು. ಹೊಟ್ಟೆಪಾಡಿಗೆ ಹೋದವನನ್ನೇ ಅದು ನುಂಗಿತು, ನೀನು ಶೋಕಿಗೆ ಹೋಗ್ತೀಯಾ ಎಂದರು.

"ಆ ಒದ್ದೆ ಕಾಲಲ್ಲಿ ನನ್ನ ಹೊಸ್ತಿಲು ತುಳಿಯಬೇಡ. ಒಣಗಿದ ಮೇಲೆ ಬಾ."

ಲೀಲಾಧರ ತನ್ನ ಕಾಲು ನೋಡಿಕೊಂಡ. ಕೋಪ ಬಂದವನ ಹಾಗೆ ಕಾಣಲಿಲ್ಲ.

"ಇನ್ನು ಇದು ಒಣಗುವುದು ಕಷ್ಟ ಉಂಟು ಅಣ್ಣ," ಎಂದು ಹೇಳಿ ಮೆಟ್ಟಿಲು ಇಳಿದುಹೋದ.

ಪ್ರಸಾದ ಹಿಡಿದುಕೊಂಡು ಜಲಜಾಕ್ಷಿ ಹಿಂದೆ ಓಡಿದಳು. ಆಗ ತಾವಿದ್ದ ಕಲ್ವಾದ ರೂಮು ಮುಟ್ಟುವವರೆಗೂ ಅವನನ್ನು ಬೈದಳು. ಮಾರನೇ ಭಾನುವಾರ ಅವಳೇ ಬುತ್ತಿ ಕಟ್ಟಿಕೊಟ್ಟಳು.

*

ಹನ್ನೊಂದರ ಹೊತ್ತಿಗೆ ಬಿಲ್ಡಿಂಗಿನ ಕೆಳಗೆ ಬಟ್ಟೆ ಅಂಗಡಿಯ ಟೆಂಪೊ ಬಂದು ನಿಂತಿತು. ಇಳಿದವರು ಕಲ್ಯಾಣದ ವಿರುಪಾಕ್ಷಪ್ಪ, ಡೊಂಬಿವಲಿಯ ಜಯಶೀಲ, ಜೊತೆಗೆ ಇನ್ನಿಬ್ಬರು. ನಾಲ್ವರ ಮುಖವೂ ಬಿಸಿಲಿಗೆ ಸುಟ್ಟು ಒಂದೇ ಬಣ್ಣವಾಗಿತ್ತು. ನೆರೆಯವರು ಸಂಬಂಧಿಕರು ಎಂದುಕೊಂಡು ದಾರಿ ಬಿಟ್ಟರು.

ವಿರುಪಾಕ್ಷಪ್ಪ ಗದಗದ ಕಡೆಯವನು. ಪ್ರಾಯ ಮೂವತ್ತಾಗುವವರೆಗೆ ಸಮುದ್ರ ಕಂಡವನಲ್ಲ. ಕಲ್ಯಾಣದಲ್ಲಿ ಸೀರೆ ಅಂಗಡಿ ಇಟ್ಟು ಕೂತವನು, ಯಾರೋ ದೇಶ ಬಿಟ್ಟು ಹೋಗುವವರು ಮಾರಿದ ಹಳೆಯ ಹಾಯಿದೋಣಿಯೊಂದನ್ನು ಯಾವ ಗಳಿಗೆಯಲ್ಲೋ ಕೊಂಡುಬಿಟ್ಟ. ಅದಕ್ಕೆ ತನ್ನ ತಾಯಿಯ ಹೆಸರಿಟ್ಟ, ಕಾಶವ್ವ. ರೇಸಿನಲ್ಲಿ ಉಳಿದ ದೋಣಿಗಳಿಗೆಲ್ಲ ಇಂಗ್ಲಿಷ್ ಹೆಸರು. ಅವುಗಳ ನಡುವೆ ಕಾಶವ್ವ ಮದುವೆಮನೆಯ ಹಳ್ಳಿ ಅಜ್ಜಿಯ ಹಾಗೆ ಅಂಜಿಕೆಯಿಲ್ಲದೆ ಓಡಾಡುತ್ತಿತ್ತು. ಈ ನಾಲ್ವರು, ಲೀಲಾಧರ ಐದನೆಯವನು. ಸಂಬಳದವರು, ಅಂಗಡಿಯವರು. ರಜೆ ಹಾಕಿ ವರ್ಷಕ್ಕೊಮ್ಮೆ ಮುಂಬಯಿಯಿಂದ ಗೋವಾವರೆಗೆ ರೇಸಿಗೆ ಹೋಗುವವರು. ಒಂದು ಸಲವೂ ಬಹುಮಾನ ತಂದವರಲ್ಲ.

ವಿರುಪಾಕ್ಷಪ್ಪ ಬೆಂಚಿನ ಹತ್ತಿರ ನಿಂತು ಗೆಳೆಯನ ಮುಖ ನೋಡಿದ. ಆಮೇಲೆ ಜಲಜಾಕ್ಷಿಯ ಮುಂದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತ.

"ವೈನಿ, ಏನ್ ಮಾಡೋದೈತಿ ಹೇಳ್ರಿ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ತಡ ಮಾಡಿದರೆ ಧೈರ್ಯ ಹೋದೀತೆಂದು ನೇರ ಲೋಕನಾಥರ ಮುಂದೆ ಹೋಗಿ ನಿಂತಳು. ಮೀಯಿಸಿ ಮುಗಿಸಿದ್ದ ಅವರು ಒದ್ದೆ ಪಂಚೆ ಹಿಂಡುತ್ತಿದ್ದರು. ಇವರನ್ನು ಇಲ್ಲಿಯ ಸ್ಮಶಾನಕ್ಕೇ ಒಯ್ಯುವುದು, ಖಾಡಿಯ ಬದಿಯಲ್ಲಿ ಉಂಟಲ್ಲ, ಹೊರುವವರು ಈ ನಾಲ್ಕು ಜನ ಎಂದು ಹೇಳಿದಳು. ನೌಪಾಡಾಕ್ಕೆ ಬೇಡ ಎಂದಳು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಬಾವನಿಗೆ ಬೇಡ ಎಂದದ್ದು ಅದೇ ಮೊದಲು.

ಲೋಕನಾಥರು ಗದರಲಿಲ್ಲ. ಗದರಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

"ಒಂದು ಸಲ ಅವನ ಕಾಲು ನನ್ನ ಹೊಸ್ತಿಲು ದಾಟಲಿ ಜಲಜಾ," ಎಂದರು. "ಅವತ್ತಿನಿಂದ ನಾನು ಆ ಬಾಗಿಲಲ್ಲೇ ನಿಂತ ಹಾಗೆ ಉಂಟು."

"ಅವರು ನಡೆಯುವಾಗ ಕರೆಯಬೇಕಿತ್ತು ಬಾವ. ನೌಪಾಡಾಕ್ಕೂ ಐರೋಲಿಗೂ ಎಷ್ಟು ದೂರ? ಈಗ ಹೊತ್ತುಕೊಂಡು ಹೋಗಿ ದಾಟಿಸಿದರೆ ದಾಟಿದ್ದು ಅವರ ಕಾಲಲ್ಲ, ನಿಮ್ಮದು."

ಅವರ ಮುಖ ಸಣ್ಣದಾಯಿತು. ಆದರೆ ಹಿರಿಯರು ಹಿರಿಯರೇ. ಗಾಡಿ ಹೇಳಿ ಆಗಿದೆ, ಜನ ಸೇರಿದ್ದಾರೆ, ಇನ್ನು ಆ ಮಾತು ಬೇಡ ಎಂದು ಒಣ ಪಂಚೆ ಉಟ್ಟುಕೊಂಡು ಹಾಲ್‌ನ ಕುರ್ಚಿಯಲ್ಲಿ ಕುಳಿತರು. ಎದುರಿಗೆ ಫ್ರಿಜ್ಜಿನ ಮೇಲೆ ಗೋಡೆ ಗಡಿಯಾರ. ಹನ್ನೆರಡಾಗುವುದನ್ನೇ ಅವರು ಕಾಯತೊಡಗಿದರು.

ವಿರುಪಾಕ್ಷಪ್ಪನೂ ಆ ಗಡಿಯಾರ ನೋಡಿದ. ಆಮೇಲೆ ಜಲಜಾಕ್ಷಿಯ ಮುಖ ನೋಡಿದ. ಅವಳು ಆಗಲೇ ಬೇರೆ ಕಡೆ ತಿರುಗಿದ್ದಳು.

*

ಆ ಗಡಿಯಾರ ಕಲ್ವಾದ ಹಳೆಯ ರೂಮಿನಿಂದ ಬಂದದ್ದು. ಹತ್ತು ನಿಮಿಷ ಮುಂದೆ. ಲೋಕಲ್ ಹಿಡಿಯುವ ಯಾವ ಮನೆಯಲ್ಲಿ ಸರಿಯಾದ ಟೈಮಿನ ಗಡಿಯಾರ ಇರುತ್ತದೆ? ಗಂಡ ಬೆಳಗ್ಗೆ ಪೇಪರು ಹಿಡಿದು ಕೂತುಬಿಡುತ್ತಾನೆಂದು ಮದುವೆಯಾದ ಹೊಸತರಲ್ಲೇ ಜಲಜಾಕ್ಷಿ ಮುಳ್ಳು ತಿರುಗಿಸಿ ಇಟ್ಟಿದ್ದಳು. ಐರೋಲಿಗೆ ಬಂದ ಮೇಲೂ ಅದು ಹಾಗೆಯೇ ಉಳಿಯಿತು. ಮನೆಯವರು ಅದನ್ನು ನೋಡಿ, ಮನಸ್ಸಿನಲ್ಲೇ ಹತ್ತು ಕಳೆದು, ಆದರೂ ಗಡಿಬಿಡಿ ಮಾಡಿಕೊಂಡು ಓಡುವುದು. ಮನೆಯ ಕೆಳಗೇ ಹೋಟೆಲಿರುವ ಲೋಕನಾಥರಿಗೆ ಇಂಥ ಬದುಕು ಗೊತ್ತಿರಲಿಲ್ಲ.

ಎರಡು ಸಾವಿರದ ಆರನೇ ಇಸವಿಯ ರೇಸಿನ ಹಿಂದಿನ ದಿನ ಲೀಲಾಧರನ ಕೈಗಡಿಯಾರ ನಿಂತುಹೋಯಿತು. ಜಲಜಾಕ್ಷಿ ಸ್ಟೇಷನ್ ಹತ್ತಿರ ಸೆಲ್ ಹಾಕಿಸಿಕೊಂಡು ಬಂದು, ಗೋಡೆ ಗಡಿಯಾರ ನೋಡಿ ಮುಳ್ಳು ಕೂರಿಸಿದಳು. ಅಂಗಡಿಯವನೇ ಸರಿಯಾಗಿ ಇಟ್ಟಿದ್ದಾನೆ ಎಂದುಕೊಂಡು ಅವನು ಕಟ್ಟಿಕೊಂಡು ಹೋದ. ಕಾಶವ್ವನಲ್ಲಿ ಟೈಮು ನೋಡುವ ಕೆಲಸ ಅವನದು.

ರೇಸು ಶುರುವಾಗುವ ಮೊದಲು ಎಚ್ಚರಿಕೆಗೆಂದು ಒಂದು ಗುಂಡು ಹಾರಿಸುತ್ತಾರೆ, ಸ್ವಲ್ಪ ಹೊತ್ತಿಗೆ ಇನ್ನೊಂದು, ಕೊನೆಗೆ ಹೊರಡುವ ಗುಂಡು. ಅಲ್ಲಿಯವರೆಗೆ ದೋಣಿಗಳೆಲ್ಲ ಗೆರೆಯ ಹಿಂದೆ ಸುತ್ತುತ್ತಿರಬೇಕು. ಕಾಶವ್ವನ ಐವರು ಅಂದು ತಡವಾಗಿ ತಲುಪಿದ್ದರು. ಮೊದಲ ಗುಂಡು ಹಾರಿತು. ಲೀಲಾಧರ ಕೈ ನೋಡಿಕೊಂಡ. ಸರಿಯಾಗಿ ಹೊರಡುವ ಹೊತ್ತು. ಹಿಂದಿನ ಗುಂಡುಗಳು ನಮಗೆ ಕೇಳಲಿಲ್ಲ ಮಾರಾಯ, ಬಿಡು ಎಂದ. ವಿರುಪಾಕ್ಷಪ್ಪ ಬಿಟ್ಟ. ಗಾಳಿಯೂ ಇಳಿತದ ನೀರೂ ಹಿಂದಿನಿಂದ ಒಟ್ಟಿಗೇ ದೂಡಿದವು. ದಡದಿಂದ ಯಾರೋ ಕೂಗುತ್ತಿದ್ದರು, ಇವರು ಹುರಿದುಂಬಿಸುತ್ತಿದ್ದಾರೆ ಎಂದುಕೊಂಡು ಕೈ ಬೀಸಿದರು. ವಯರ್‌ಲೆಸ್ಸು ಹೇಗೂ ಕೆಟ್ಟಿತ್ತು.

ತಿರುಗಿ ನೋಡಿದರೆ ಹಿಂದೆ ಅಷ್ಟೂ ಹಾಯಿ. ಮುಂದೆ ಒಂದೂ ಇಲ್ಲ, ಬರೀ ನೀರು. ಜಯಶೀಲ ಹಾಡಲು ಶುರುಮಾಡಿದ. ವಿರುಪಾಕ್ಷಪ್ಪ ತಾಯಿಯ ಹೆಸರು ಬರೆದಲ್ಲಿ ಕುಂಕುಮ ಹಚ್ಚಿದ. ಊಟ ಮಾಡುವುದನ್ನೂ ಮರೆತು ಐವರೂ ಸಂಜೆಯವರೆಗೆ ಹಾಗೇ ಹೋದರು.

ಸಂಜೆ ಒಂದು ದೊಡ್ಡ ದೋಣಿ ಹಿಂದಿನಿಂದ ಬಂದು ಪಕ್ಕಕ್ಕೆ ಸರಿಯಿತು. ಅದರಲ್ಲಿದ್ದವರು ನಗುತ್ತಲೇ ವಿಷಯ ತಿಳಿಸಿದರು. ಎಲ್ಲರಿಗಿಂತ ಹತ್ತು ನಿಮಿಷ ಮೊದಲೇ ಹೊರಟಿದ್ದೀರಿ, ವಾಪಸು ಬಂದು ಹೊಸದಾಗಿ ಹೊರಡಬೇಕಿತ್ತು, ಬರಲಿಲ್ಲವಾದ್ದರಿಂದ ನೀವು ರೇಸಿನಲ್ಲೇ ಇಲ್ಲ. ವಿರುಪಾಕ್ಷಪ್ಪನ ಮುಖ ಕಪ್ಪಿಟ್ಟಿತು. ಹಂಗಾದ್ರ ಹೊಳ್ಳಿ ಹೋಗೂಣ, ಮಂದಿ ಮುಂದ ಮಾರಿ ತೋರಸೂದು ಹೆಂಗ ಎಂದು ಚುಕ್ಕಾಣಿ ತಿರುಗಿಸಹೊರಟ. ಲೀಲಾಧರ ಅವನ ಕೈ ಮೇಲೆ ಕೈ ಇಟ್ಟ.

"ರೇಸಿನಿಂದ ತೆಗೆದರೆ ತೆಗೆಯಲಿ. ಸಮುದ್ರದಿಂದ ತೆಗೆಯಲು ಇದು ಯಾರ ಅಪ್ಪನದ್ದು? ಹೊರಟದ್ದು ಹೊರಟಾಯಿತು. ಗೋವಾಕ್ಕೇ ಹೋಗುವುದು."

ಹೋದರು. ಕೊನೆಯ ಗೆರೆ ದಾಟಿದಾಗ ಅವರ ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ. ಲೀಲಾಧರ ಎದ್ದು ನಿಂತು, ಎರಡೂ ಕೈ ಬಾಯಿಗೆ ಹಿಡಿದು ತಾನೇ ಕೂಗಿ ಹೇಳಿದ, ಕಾಶವ್ವ ಬಂದಳು ಎಂದು.

ಮನೆಗೆ ಬಂದಾಗ ಜಲಜಾಕ್ಷಿ ತಪ್ಪು ತನ್ನದೆಂದು ಅತ್ತಳು. ಅವನಿಗೆ ನಗು. ನಿನ್ನ ಗಡಿಯಾರದ ದಯದಿಂದ ಸಂಜೆಯವರೆಗೆ ಎಲ್ಲರಿಗಿಂತ ಮುಂದೆ ನಾನಿದ್ದೆ ಮಾರಾಯ್ತಿ, ಆ ಸುಖ ಕಪ್ ಗೆದ್ದವನಿಗೂ ಸಿಕ್ಕಿರಲಿಕ್ಕಿಲ್ಲ ಎಂದ. ಮುಳ್ಳನ್ನು ಹಿಂದೆ ತಿರುಗಿಸಲು ಅವಳು ಸ್ಟೂಲು ಹತ್ತಿದರೆ ಇಳಿಸಿಬಿಟ್ಟ. ಆ ಗಡಿಯಾರವನ್ನು ಮುಟ್ಟಕೂಡದು ಎಂದ.

*

ಅದೇ ಗಡಿಯಾರದಲ್ಲಿ ಈಗ ಎರಡು ಮುಳ್ಳೂ ಒಂದಾದವು. ಲೋಕನಾಥರು ಎದ್ದು ನಿಂತರು.

"ಹನ್ನೆರಡಾಯಿತು. ರಾಹುಕಾಲ ಕಳೆಯಿತು. ಎತ್ತುವುದಕ್ಕೆ ಅಡ್ಡಿಯಿಲ್ಲ."

ಮಗಳು ಅನುಷ್ಕಾ ಅಮ್ಮನ ಪಕ್ಕದಲ್ಲೇ ಮೊಬೈಲು ಹಿಡಿದು ನಿಂತಿದ್ದಳು. ಈ ಮನೆಯಲ್ಲೇ ಬೆಳೆದವಳು, ಗಡಿಯಾರ ಕಂಡರೆ ಹತ್ತು ಕಳೆಯುವುದು ಅವಳಿಗೂ ಅಭ್ಯಾಸ. "ಮಮ್ಮಿ, ಘಡೀ ತೋ..." ಎಂದು ಬಾಯಿ ತೆರೆದಳು. ಜಲಜಾಕ್ಷಿ ಅವಳ ಕೈ ಹಿಡಿದು ಅಮುಕಿದಳು. ಬಳೆ ಚರ್ಮಕ್ಕೆ ಊರುವಷ್ಟು ಅಮುಕಿದಳು. ಹುಡುಗಿ ಅಮ್ಮನ ಮುಖ ನೋಡಿ ಮೊಬೈಲನ್ನು ಬೆನ್ನ ಹಿಂದೆ ಹಿಡಿದಳು.

"ಬಾವ ಹೇಳಿದರಲ್ಲ," ಎಂದಳು ಜಲಜಾಕ್ಷಿ, ನಾಲ್ವರ ಕಡೆ ತಿರುಗಿ. "ಎತ್ತಿ."

ಎತ್ತುವ ಮೊದಲು ಅವಳು ಒಂದು ತಂಬಿಗೆ ನೀರು ತಂದು ಗಂಡನ ಪಾದದ ಮೇಲೆ ಹೊಯ್ದು ನಮಸ್ಕಾರ ಮಾಡಿದಳು. ಲೋಕನಾಥರು ಹೆಗಲ ಮೇಲಿನ ಟವೆಲು ತೆಗೆದು ಒರೆಸಲು ಬಗ್ಗಿದರು.

"ಬೇಡ ಬಾವ. ಅವು ಹಾಗೇ ಇರಲಿ."

ಅವರಿಗೆ ಅರ್ಥವಾಯಿತು. ಟವೆಲನ್ನು ತಿರುಗಿ ಹೆಗಲಿಗೆ ಹಾಕಿಕೊಂಡರು.

ಲಿಫ್ಟಿನಲ್ಲಿ ಚಟ್ಟ ಹಿಡಿಯುವುದಿಲ್ಲ. ಮೆಟ್ಟಿಲ ತಿರುವುಗಳಲ್ಲಿ ನಾಲ್ವರೂ ಮಾತಿಲ್ಲದೆ, ಒಬ್ಬರ ಉಸಿರು ಒಬ್ಬರು ಕೇಳಿಕೊಂಡು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಭಾರ ಬದಲಿಸುತ್ತಾ ಇಳಿಸಿದರು. ಎಷ್ಟೋ ವರ್ಷ ಒಂದೇ ದೋಣಿಯಲ್ಲಿ ಕೂತವರು. ಕೆಳಗೆ ಬಂದು ನೋಡಿದರೆ ನೌಪಾಡಾದ ಗಾಡಿ ಇರಲಿಲ್ಲ. ವಿರುಪಾಕ್ಷಪ್ಪನ ಟೆಂಪೊ ಮಾತ್ರ ಹಿಂಬಾಗಿಲು ತೆರೆದುಕೊಂಡು ನಿಂತಿತ್ತು. ಒಳಗೆ ಯಾವಾಗಲೋ ಹೊಸ ಕೋರಾ ಬಟ್ಟೆ ಹಾಸಿಯಾಗಿತ್ತು. ಎತ್ತಿದ ಹೆಣವನ್ನು ದಾರಿಯಲ್ಲಿ ನೆಲಕ್ಕಿಡುವ ಹಾಗಿಲ್ಲ. ನಾಲ್ವರೂ ಯಾರನ್ನೂ ಕೇಳದೆ ಟೆಂಪೊದೊಳಗೆ ಮಲಗಿಸಿದರು.

ಅನುಷ್ಕಾಳ ಮೊಬೈಲು ಹೊಡೆದುಕೊಂಡಿತು. ಸಮಿತ್. ಲೋಕನಾಥರು ಕಸಿದುಕೊಂಡು ಎಲ್ಲಿದ್ದೀ ಎಂದು ರೇಗಿದರು. ಅವನು ಮುಲುಂದ್ ಕಡೆಯ ಸೇತುವೆಯ ಮೇಲೆ ಇದ್ದ. ಇನ್ನೂ ಹನ್ನೆರಡಾಗಲಿಲ್ಲವಲ್ಲ ಪಪ್ಪಾ, ಯಾಕೆ ಗಡಿಬಿಡಿ ಎಂದ. ಲೋಕನಾಥರು ಮೊಬೈಲನ್ನು ಕಿವಿಯಿಂದ ತೆಗೆದು, ಕಣ್ಣಿನಿಂದ ದೂರ ಹಿಡಿದು, ಅದರಲ್ಲಿದ್ದ ಟೈಮು ಓದಿದರು. ಆಮೇಲೆ ಮೇಲೆ, ಫ್ಲಾಟಿನ ಕಿಟಕಿಯ ಕಡೆ ನೋಡಿದರು.

"ರಾಹುಕಾಲ ಇನ್ನೂ ಉಂಟು," ಎಂದರು. "ವಾಪಸು ಮೇಲೆ ತನ್ನಿ."

ಯಾರೂ ಅಲುಗಲಿಲ್ಲ. ನೆರೆಯ ಹೆಂಗಸೊಬ್ಬಳು ಬಾಯಿಗೆ ಸೆರಗು ಹಿಡಿದಳು. ಹೊಸ್ತಿಲು ದಾಟಿಸಿದ ಹೆಣವನ್ನು ತಿರುಗಿ ಮನೆಯೊಳಗೆ ತರುವುದುಂಟೇ? ಅಪ್ಪ ಧರ್ಮಪಾಲ ತೀರಿಕೊಂಡ ದಿನ ಇದನ್ನು ಎಲ್ಲರಿಗೂ ಹೇಳಿಕೊಟ್ಟವರು ಲೋಕನಾಥರೇ. ಹೇಳಿ ಮುಗಿಸಿದ ಮೇಲೆ ಅವರಿಗೂ ಅದು ನೆನಪಾಯಿತು. ಮುಂದೆ ಹೋದರೆ ರಾಹುಕಾಲ, ಹಿಂದೆ ಹೋದರೆ ಅದಕ್ಕಿಂತ ದೊಡ್ಡ ಅಪಚಾರ.

"ನಿನಗೆ ಗೊತ್ತಿತ್ತು," ಎಂದರು ಜಲಜಾಕ್ಷಿಗೆ.

"ಗೊತ್ತಿತ್ತು," ಎಂದಳು ಅವಳು. "ಅದಕ್ಕೆ ಮುಳ್ಳು ಇಟ್ಟವಳೇ ನಾನು. ಹೊರಟವರು ಹಿಂದೆ ಬರುವುದಿಲ್ಲ ಬಾವ. ಇವರು ಯಾವತ್ತೂ ಹಾಗೆ ತಿರುಗಿ ಬಂದವರೂ ಅಲ್ಲ."

ಹಾಗೆಂದು ಸೀರೆಯ ನೆರಿಗೆ ಎತ್ತಿ ಹಿಡಿದು ಟೆಂಪೊ ಹತ್ತಿದಳು. ಹೆಂಗಸರು ಸ್ಮಶಾನಕ್ಕೆ ಹೋಗುವ ಕ್ರಮ ಇಲ್ಲ ಎಂದು ಹಿಂದಿನಿಂದ ಯಾರೋ ಗೊಣಗಿದರು. ಅವಳು ಗಂಡನ ತಲೆಯ ಬಳಿ ಚಕ್ಕಳಮಕ್ಕಳ ಹಾಕಿ ಕುಳಿತು, ಮಗಳನ್ನು ಕೈ ಕೊಟ್ಟು ಎಳೆದುಕೊಂಡಳು. ಇಬ್ಬರು ಗೆಳೆಯರು ಅತ್ತಿತ್ತ ಕುಳಿತರು. ಜಯಶೀಲ ಟೆಂಪೊ ಚಾಲೂ ಮಾಡಿದ. ಹಿಂಬಾಗಿಲ ಹತ್ತಿರ ನಿಂತಿದ್ದ ವಿರುಪಾಕ್ಷಪ್ಪ ಒಂದು ಕ್ಷಣ ಕಾದು, ಲೋಕನಾಥರ ಕಡೆ ಕೈ ಚಾಚಿದ.

"ಬರ್ರಿ ಅಣ್ಣಾರ. ಜಾಗಾ ಐತಿ."

ಲೋಕನಾಥರು ಆ ಕೈ ನೋಡಿದರು. ರಸ್ತೆ ನೋಡಿದರು. ಕೊನೆಗೆ ಪಂಚೆ ಎತ್ತಿ ಕಟ್ಟಿ ಕೈ ಹಿಡಿದರು. ಒಳಗೆ ಉಳಿದಿದ್ದ ಜಾಗ ಒಂದೇ, ತಮ್ಮನ ಕಾಲ ಬುಡದಲ್ಲಿ. ಅಲ್ಲಿ ಕುಳಿತರು.

ಟೆಂಪೊ ಖಾಡಿಯ ಬದಿಯ ರಸ್ತೆಗೆ ತಿರುಗಿತು. ಬಿಸಿಗಾಳಿ ಒಳಗೆ ನುಗ್ಗಿ ಕೋರಾ ಬಟ್ಟೆಯ ಅಂಚನ್ನು ಪಟಪಟ ಬಡಿಯಿತು. ಅನುಷ್ಕಾಳ ಮೊಬೈಲು ಮತ್ತೆ ಹೊಡೆದುಕೊಂಡಿತು. ಸಮಿತ್ ಭಯ್ಯಾ ಬಿಲ್ಡಿಂಗಿಗೆ ಬಂದಾಯಿತಂತೆ, ಅಲ್ಲೇ ನಿಲ್ಲಿಸಿ ಎನ್ನುತ್ತಿದ್ದಾನೆ ಎಂದು ಅವಳು ಹಿಂದಿಯಲ್ಲಿ ಹೇಳಿದಳು. ವಿರುಪಾಕ್ಷಪ್ಪ ಲೋಕನಾಥರ ಮುಖ ನೋಡಿದ.

ಜಲಜಾಕ್ಷಿ ತಿರುಗಿ ನೋಡಿದಳು. ರಸ್ತೆ ಖಾಲಿಯಿತ್ತು. ಬರಬೇಕಾದವರೆಲ್ಲ ಹಿಂದೆ ಎಲ್ಲೋ ಇದ್ದರು.

ಮುಂದೆ ಸ್ಪೀಡ್‌ಬ್ರೇಕರ್ ಬಂತು. ಟೆಂಪೊ ಎಗರಿದ ಹೊಡೆತಕ್ಕೆ ಲೀಲಾಧರನ ಕಾಲು ಹಾಸಿನಿಂದ ಜಾರಿತು. ಲೋಕನಾಥರು ತಟ್ಟನೆ ಎರಡೂ ಪಾದ ಹಿಡಿದು ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಒಣ ಪಂಚೆಗೆ ನೀರು ಇಳಿಯತೊಡಗಿತು. ಟವೆಲು ಹೆಗಲ ಮೇಲೆಯೇ ಇತ್ತು. ಅವರು ಅದನ್ನು ಮುಟ್ಟದೆ, ಇನ್ನೊಂದು ಸ್ಪೀಡ್‌ಬ್ರೇಕರಿಗೆ ಪಾದಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು.